ಸಹಿ ಬೀಳದ ಜಾಡಿ

ಬಸವನ ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ನಾನು ಬಸ್ಸಿಳಿದಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಬಿಳಿ ಇಲಿಗಳ ಪಂಜರ. ಬಿಜಾಪುರದಿಂದ ದಾರಿಯುದ್ದಕ್ಕೂ ಪಂಜರವನ್ನೇ ನೋಡುತ್ತ ಬಂದಿದ್ದ ಕಂಡಕ್ಟರ್ ಕೊನೆಗೂ ತಡೆಯಲಾರದೆ, "ಸಾಹೇಬ್ರ, ಇಲಿ ಹಿಡದು ಊರ ಹೊರಗ ಬಿಡೋದು ನೋಡೇನಿ. ಲಗೇಜ್ ತಿಕೀಟಾ ತಗಸಿ ಊರೊಳಗ ತರೋದು ಇವತ್ತ ನೋಡಿದ್ನಿ" ಎಂದ. ಇಡೀ ಬಸ್ಸು ನಕ್ಕಿತು. ನಾನು ನಗಲಿಲ್ಲ. ಆಗ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ, ಮೂಗಿಗೆ ಮಾತ್ರ ವಯಸ್ಸಾಗಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ಕುರಿಯ ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿಯೊಂದು ಇರುತ್ತದೆ. ಅದರ ಹಿಂಭಾಗದಲ್ಲಿ ಸಿಗುವುದು ಒಂದು ಪೆಪ್ಟೈಡ್. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸಣ್ಣ ಸರ. ಇದು ಒಂಬತ್ತೇ ಮಣಿಯದು. ಹಡೆದ ಹೆಂಗಸಿಗೆ ರಕ್ತ ನಿಲ್ಲದಿದ್ದಾಗ ಗರ್ಭಕೋಶವನ್ನು ಬಿಗಿಯುವ ಇಂಜೆಕ್ಷನ್ನಿನಲ್ಲಿ ಇರುವುದು ಇದೇ. ಆ ಇಂಜೆಕ್ಷನ್ನಿಗೆ ಎಷ್ಟು ಬಲವಿದೆ ಎಂದು ಅಳೆಯಬೇಕಾದರೆ ಬಲ ಗೊತ್ತಿರುವ ಒಂದು ಪುಡಿ ಬೇಕು, ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತಿದ ಕಲ್ಲು ಬೇಕಾದ ಹಾಗೆ. ಅದಕ್ಕೆ ಮಾನಕ ಪುಡಿ ಎನ್ನುತ್ತೇವೆ. ಪರದೇಶದ ಮಾನಕ ಚಿಟಿಕೆ ಚಿಟಿಕೆಯಾಗಿ ಬರುತ್ತಿತ್ತು, ಕೇಳಿದವರಿಗೆಲ್ಲ ಸಾಲುತ್ತಿರಲಿಲ್ಲ. ಸಂಶೋಧನೆಗೆ, ಪರೀಕ್ಷೆಗೆ ನಮ್ಮದೇ ಒಂದು ಮಾನಕ ಇರಲಿ ಎಂದು ಯೋಜನೆಯೊಂದು ಹುಟ್ಟಿತು. ಗ್ರಂಥಿ ಬೇಗ ಕೆಡುತ್ತದೆ, ಆದ್ದರಿಂದ ಕುರಿಯನ್ನು ಪ್ರಯೋಗಶಾಲೆಗೆ ತರುವುದು ಬೇಡ, ಪ್ರಯೋಗಶಾಲೆಯೇ ಕುರಿ ಇದ್ದಲ್ಲಿಗೆ ಹೋಗಲಿ ಎಂದು ಯಾರೋ ಬುದ್ಧಿವಂತರು ಹೇಳಿದರು. ಹೀಗೆ ಬಾಗೇವಾಡಿಯ ದನದ ದವಾಖಾನೆಯ ಹಿಂದೆ ಒಂದು ಬಾಡಿಗೆ ಮನೆ ಪ್ರಯೋಗಶಾಲೆಯಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಾಗೇವಾಡಿಯಿಂದ ಗ್ರಂಥಿಗಳು ಬಂದು ಅಲ್ಲಿ ಒಣಗಿ ಪುಡಿಯಾಗಬೇಕು. ಪುಡಿಯ ಗುಣಮಟ್ಟ ನೋಡಲು ಇಬ್ಬರು ವೈಜ್ಞಾನಿಕ ಸಲಹೆಗಾರರು. ಒಬ್ಬರು ನನಗೆ ಪಾಠ ಹೇಳಿದ ಹಿರಿಯರು, ಇನ್ನೊಬ್ಬ ನಾನು. ಇಬ್ಬರ ಸಹಿಯೂ ಬಿದ್ದರೆ ಮಾತ್ರ ಪುಡಿ ಹೊರಗೆ ಹೋಗಬೇಕು.

ಸಲಹೆಗಾರರದು ಬರೀ ಬಾಯಿ. ಕೈಯೆಲ್ಲ ಒಬ್ಬ ಹುಡುಗಿಯದು. ಗೊಳಸಂಗಿಯವಳು, ಜೀವರಸಾಯನ ಓದಿ ಇಲ್ಲಿ ಸಂಶೋಧಕಿಯಾಗಿ ಸೇರಿದ್ದಳು. ಮಾಂಸವಿರಲಿ, ಮೊಟ್ಟೆಯೂ ಹೊಸಲು ದಾಟದ ಮನೆ. ದಿನಾ ಮೊದಲ ಬಸ್ಸಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಟನ್ ಅಂಗಡಿಯ ಕಟ್ಟೆಯ ಮೇಲೆ ಚಿಮಟ ಹಿಡಿದು ಕೂಡುತ್ತಿದ್ದಳು. ಆಗತಾನೆ ಕಡಿದ ತಲೆಯನ್ನು ಅಂಗಡಿಯವನು ಒಡೆದು ಕೊಟ್ಟರೆ, ಮೆದುಳನ್ನು ಮೆಲ್ಲಗೆ ಎತ್ತಿ, ಕೆಳಗೆ ಎಲುಬಿನ ಪುಟ್ಟ ಬಟ್ಟಲಿನಲ್ಲಿ ಕೂತಿರುವ ಗ್ರಂಥಿಯನ್ನು ಒಡೆಯದ ಹಾಗೆ ಬಿಡಿಸುತ್ತಿದ್ದಳು. ಮುಂದಿನ ಕೆಂಪು ಭಾಗ ಬೇಡ, ಹಿಂದಿನ ಬಿಳಿಚು ಭಾಗ ಬೇಕು. ಅದು ತಕ್ಷಣ ತಣ್ಣಗಿನ ಅಸಿಟೋನಿಗೆ ಬೀಳಬೇಕು. ಅಸಿಟೋನು ನೀರನ್ನೆಲ್ಲ ಹೀರಿ ಗ್ರಂಥಿಯನ್ನು ಬಿಳಿಯ ಹರಳಿನಂತೆ ಗಟ್ಟಿ ಮಾಡುತ್ತದೆ. ಆಮೇಲೆ ಒಣಗಿಸುವುದು, ಅರೆಯುವುದು, ಜರಡಿ ಹಿಡಿಯುವುದು.

"ಮನ್ಯಾಗ ಏನಂತಾರ ತಂಗಿ?" ಎಂದು ನಾನು ಮೊದಲ ವಾರವೇ ಕೇಳಿದ್ದೆ.

"ನಮ್ಮವ್ವ ಗಂಗಾಳಾ ಬ್ಯಾರೆ ಮಾಡ್ಯಾಳ್ರಿ ಸರ. ಮೂಲ್ಯಾಗ ಕೂಡ್ತೇನಿ, ಉಣ್ತೇನಿ, ತೊಳದು ಗ್ವಾಡಿಗೆ ಬೋರಲ ಹಾಕ್ತೇನಿ. ಮುಗೀತು." ನಗುತ್ತಲೇ ಹೇಳಿದಳು. "ನಮ್ಮಪ್ಪ ಮಾತ್ರ ಒಂದ್ ಕರಾರ ಹಾಕ್ಯಾನ್ರಿ. ಈ ವರ್ಷ ಪುಡಿ ಪಾಸಾತಂದ್ರ ಪಿಎಚ್‌ಡಿ ಆಗ್ತದ, ನೌಕರಿ ಖಾಯಂ ಆಗ್ತದ, ಆಗ ಅಂವಾ ಬಾಯಿ ತಗ್ಯಂಗಿಲ್ಲ. ಆಗಲಿಲ್ಲಂದ್ರ ನಾ ಬಾಯಿ ತಗೀಬಾರದು. ವರಾ ನೋಡಿಟ್ಟಾನ, ಆ ಮನಿಗೆ ಹೋಗೂದು, ಈ ಹೊಲಸ ಕೆಲಸದ ಮಾತ ಎತ್ತಬಾರದು."

"ಪಾಸಾಗ್ತದ ಬಿಡು" ಎಂದೆ. ಎಷ್ಟು ಹಗುರಾಗಿ ಅಂದೆ ನೋಡಿ.

ನಾನು ಬರುವ ಹೊತ್ತಿಗೆ ಮೊದಲ ಜಾಡಿಯ ಪುಡಿ ತಯಾರಾಗಿತ್ತು, ಮುಂದಿನದಕ್ಕೆ ಗ್ರಂಥಿಗಳು ಬರುತ್ತಲೇ ಇದ್ದವು. ಇಂಡಿಯ ಶೀಶೆಗಳು ಲಚ್ಯಾಣ ಸ್ಟೇಷನ್ನಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿದ್ದವು. ಒಮ್ಮೆ ಗಾರ್ಡು ಮುಚ್ಚಳ ತೆಗೆದು ಮೂಸಿ, ಕುಡಿಯುವ ಶೆರೆ ಅಲ್ಲ ಎಂದು ಖಾತ್ರಿಯಾದ ಮೇಲೆ ಬೇಜಾರಿನಿಂದ ಮುಚ್ಚಿದ್ದನಂತೆ. ಮುದ್ದೇಬಿಹಾಳದಲ್ಲಿ ಗ್ರಂಥಿ ಕೂಡಿಸುವವನು ಆಲಮಟ್ಟಿಯ ಅಣೆಕಟ್ಟೆಯ ಕಾಲನಿಯಲ್ಲಿ ಕಾಡಿ ಬೇಡಿ ಬರ್ಫದ ಗಡ್ಡೆ ತಂದು ಅದರಲ್ಲಿಟ್ಟು ಕಳಿಸುತ್ತಿದ್ದ. ಎಲ್ಲಕ್ಕಿಂತ ಹೆಚ್ಚು ಬಂದದ್ದು ಸಿಂದಗಿಯಿಂದ. ನಾಲ್ಕೂ ಊರಿನದನ್ನು ಹಿರಿಯರ ಸಲಹೆಯಂತೆ ಒಟ್ಟಿಗೆ ಅರೆದು, ಕಲಸಿ, ಒಂದೇ ಕಂದು ಜಾಡಿಗೆ ತುಂಬಿದ್ದಳು. ಅದು ಸರಿಯಾದ ಕ್ರಮವೇ. ಮಾನಕ ಎಂದರೆ ಯಾವ ಚಿಟಿಕೆ ತೆಗೆದರೂ ಒಂದೇ ಇರಬೇಕು. ಊರಿಗೊಂದು ಚಿಟಿಕೆಯನ್ನು ಮಾತ್ರ ಬೇರೆ ಬೇರೆ ಸಣ್ಣ ಶೀಶೆಯಲ್ಲಿ ಎತ್ತಿಟ್ಟಿದ್ದಳು.

ಅಳೆಯುವ ಕೆಲಸ ಮಾತ್ರ ನನ್ನದು. ಇಲಿಯ ಗರ್ಭಕೋಶದ ಒಂದು ತುಂಡನ್ನು ಉಪ್ಪುನೀರಿನ ಗಾಜಿನ ನಳಿಗೆಯಲ್ಲಿ ದಾರ ಕಟ್ಟಿ ತೂಗಿಬಿಡಬೇಕು. ನೀರು ಉಗುರುಬೆಚ್ಚಗಿರಬೇಕು, ಗಾಳಿಯ ಗುಳ್ಳೆ ಹಾಯುತ್ತಿರಬೇಕು. ದಾರದ ಇನ್ನೊಂದು ತುದಿಗೆ ಕಡ್ಡಿ. ಕಡ್ಡಿಯ ಮೂತಿ ಹೊಗೆ ಹಿಡಿಸಿದ ಕಾಗದ ಸುತ್ತಿದ ಡೋಲಿನ ಮೇಲೆ. ಪೆಪ್ಟೈಡ್ ಬಿದ್ದ ಕೂಡಲೇ ತುಂಡು ಬಿಗಿಯುತ್ತದೆ, ಕಡ್ಡಿ ಮೇಲೇರಿ ಕರಿಯ ಮೇಲೆ ಬಿಳಿಯ ಗೆರೆ ಎಳೆಯುತ್ತದೆ. ಪರದೇಶದ ಮಾನಕದ್ದು ಸಣ್ಣ ಪ್ರಮಾಣ ಒಂದು, ದೊಡ್ಡದೊಂದು. ನಮ್ಮ ಪುಡಿಯದೂ ಹಾಗೆಯೇ ಎರಡು. ಎರಡರಲ್ಲೂ ಸಣ್ಣದರಿಂದ ದೊಡ್ಡದಕ್ಕೆ ಏರುವ ರೀತಿ ಒಂದೇ ಇರಬೇಕು, ಗೆರೆ ಹಾಕಿದರೆ ರೈಲು ಕಂಬಿಯ ಹಾಗೆ ಜೋಡಿಯಾಗಿ ಓಡಬೇಕು. ಹಾಗೆ ಓಡಿದರೆ ಮಾತ್ರ ಎರಡೂ ಒಂದೇ ವಸ್ತು, ಬಲ ಇಷ್ಟು ಎಂದು ಎದೆ ತಟ್ಟಿ ಬರೆಯಬಹುದು.

ನಮ್ಮದು ಓಡಲಿಲ್ಲ. ಸಣ್ಣ ಪ್ರಮಾಣಕ್ಕೆ ಕಡ್ಡಿ ಸರಿಯಾಗಿಯೇ ಏರಿತು. ದೊಡ್ಡದಕ್ಕೆ ಒಂದಿಷ್ಟು ಏರಿ, ಹತ್ತುವ ದಾರಿ ಮರೆತ ಮುದಿ ಎತ್ತಿನ ಹಾಗೆ ಅಲ್ಲೇ ನಿಂತಿತು. ಇಲಿಯದೇ ತಪ್ಪು ಎಂದು ಇಲಿ ಬದಲಿಸಿದೆ. ಆ ಊರಿನಲ್ಲಿ ಕರೆಂಟು ಹೋದರೆ ನೀರು ತಣ್ಣಗಾಗುತ್ತಿತ್ತು. ಸ್ಪಿರಿಟ್ ದೀಪ ಹಿಡಿದು ಕಾಯಿಸಿಕೊಂಡು ಕೂತೆ. ಉಪ್ಪುನೀರನ್ನು ಹೊಸದಾಗಿ ಮಾಡಿದೆ. ದಾರ ಬದಲಿಸಿದೆ. ವಿದ್ಯುತ್ ಮಂಡಳಿಯನ್ನು ಬೈದೆ, ಡೋಲನ್ನು ಬೈದೆ, ಪಾಪ, ಇಲಿಗಳನ್ನೂ ಬೈದೆ. ಗೆರೆಗಳು ಒಂದು ದಿನ ಹಿಂಗೆ ಸೊಟ್ಟ, ಇನ್ನೊಂದು ದಿನ ಹಂಗೆ ಸೊಟ್ಟ. ತಲೆ ಕೆಟ್ಟು ಕೆರ ಹಿಡಿಯಿತು. ಹುಡುಗಿ ಪಕ್ಕದಲ್ಲಿ ನಿಂತು ಕಡ್ಡಿಯನ್ನೇ ನೋಡುತ್ತಿದ್ದಳು. ಪ್ರತಿ ಸಲ ಅದು ಅರ್ಧಕ್ಕೆ ನಿಂತಾಗ ಆಕೆಯ ತುಟಿ ಒಂಚೂರು ಬಿಗಿಯುತ್ತಿತ್ತು.

ಕೊನೆಗೆ ಆಕೆಯೇ ಹೇಳಿದಳು: "ಸರ, ಊರಿಂದೂರದು ಬ್ಯಾರೆ ಬ್ಯಾರೆ ಹಾಕಿ ನೋಡೋಣ್ರಿ."

ಆ ಸಣ್ಣ ಶೀಶೆಗಳನ್ನು ತೆಗೆದೆವು. ಬಾಗೇವಾಡಿಯದು ಕಂಬಿಯ ಮೇಲೆ ಓಡಿತು. ಇಂಡಿಯದೂ ಓಡಿತು. ಮುದ್ದೇಬಿಹಾಳದ್ದಂತೂ ಎಲ್ಲಕ್ಕಿಂತ ಛಲೋ, ಬರ್ಫಿನ ಪುಣ್ಯ. ಸಿಂದಗಿಯದು ಹಾಕಿದೆ. ಕಡ್ಡಿ ಸುಮ್ಮನೆ ಕೂತಿತು. ಆಮೇಲೆ ಸಾವಕಾಶವಾಗಿ, ಯಾರದೋ ಒತ್ತಾಯಕ್ಕೆ ಎಂಬಂತೆ ಮೇಲೆದ್ದಿತು. ಅದು ನಮ್ಮ ಪೆಪ್ಟೈಡ್ ಎಳೆಯುವ ಗೆರೆಯೇ ಅಲ್ಲ. ಅಳಿದುಳಿದದ್ದರ ಜೊತೆಗೆ ಕೊಳೆತದ್ದೇನೋ ಸೇರಿ ಎಳೆದ ಗೆರೆ. ಜಾಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಇತ್ತು.

ಮರುದಿನವೇ ಇಬ್ಬರೂ ಸಿಂದಗಿಯ ಬಸ್ಸು ಹತ್ತಿದೆವು.

ಸಿಂದಗಿಯಲ್ಲಿ ಗ್ರಂಥಿ ಕೂಡಿಸುವ ಕೆಲಸ ದನದ ದವಾಖಾನೆಯ ಕಂಪೌಂಡರನದು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ನಗೆ. "ಬರ್ರಿ ಸರ, ಬರ್ರಿ ಬಾಯಾರ, ಮೊದಲ ಚಹಾ ತಗೋರಿ" ಎಂದು ಖುರ್ಚಿ ಒರೆಸಿ ಕೂರಿಸಿದ. ಅಸಿಟೋನು ನೆರಳಲ್ಲಿಟ್ಟಿದ್ದ. ಮಡಕೆಯಲ್ಲಿ ಒದ್ದೆ ಉಸುಕು ತುಂಬಿ, ಶೀಶೆಯನ್ನು ಅದರಲ್ಲಿ ಹುಗಿದು ತಣ್ಣಗಿಟ್ಟಿದ್ದ. ಚಿಮಟ ಫಳಫಳ. ನನಗೆ ಹುಳುಕು ಎಲ್ಲೂ ಸಿಗಲಿಲ್ಲ.

"ಅಂಗಡಿಗೆ ಎಷ್ಟೊತ್ತಿಗೆ ಹೋಗ್ತೀರಿ?" ಎಂದೆ.

"ಅಂಗಡಿಗೆ ಹೋಗೂದಿಲ್ರಿ. ತಲಿ ಇಲ್ಲೇ ಬರ್ತಾವ. ಈಗ ಬರೂ ಹೊತ್ತಾತು ನೋಡ್ರಿ."

ಮಧ್ಯಾಹ್ನ ಇಳಿಯುತ್ತಿತ್ತು. ಹಿತ್ತಿಲ ಬಾಗಿಲಿಗೆ ಒಬ್ಬ ಮುದುಕಿ ಬುಟ್ಟಿ ಹೊತ್ತು ಬಂದಳು. ಮಟನ್ ಅಂಗಡಿಗಳ ತಲೆ-ಕಾಲು ಕೊಂಡು, ಸುಟ್ಟು, ಕೆರೆದು ಮಾರುವವಳು. ಬುಟ್ಟಿಯೊಳಗಿಂದ ಒಂದು ಹೊಸ ಅಲ್ಯುಮಿನಿಯಂ ಗಂಗಾಳ ತೆಗೆದು ಕಂಪೌಂಡರನ ಮುಂದಿಟ್ಟಳು. ಅದರಲ್ಲಿ ತಲೆಗಳು. ಉಣ್ಣೆ ಇಲ್ಲ, ರಕ್ತ ಇಲ್ಲ. ಕೆಂಡದ ಮೇಲೆ ಸುಟ್ಟು, ಚಾಕುವಿನಿಂದ ಕೆರೆದು, ತೊಳೆದು, ಮೇಲೆ ಅರಿಶಿಣ ಹಚ್ಚಿದ ತಲೆಗಳು. ಮದುಮಗನ ಹಾಗೆ ಹಳದಿಯಾಗಿ ಹೊಳೆಯುತ್ತಿದ್ದವು.

"ಎಷ್ಟ ಸ್ವಚ್ಛ ಅದಾವ ನೋಡ್ರಿ ಸರ!" ಎಂದ ಕಂಪೌಂಡರ. "ಮೊದಲನೇ ದಿನಾ ಅಂಗಡಿಗೆ ಹೋಗಿದ್ನಿರಿ. ಆ ಕಣ್ಣು, ಆ ರಕ್ತಾ! ಚಕ್ಕರ ಬಂದು ಬಿದ್ನಿ. ಎರಡ ದಿನಾ ಬಾಯಾಗ ತುತ್ತ ಇಳೀಲಿಲ್ಲ. ಈ ಆಯಿನ ನೋಡಿ ಮರಗಿ, ನಾನ ಮಾಡಿ ತರ್ತೇನಿ ಅಂದ್ಳು."

"ಮತ್ತೇನ್ರಿ ಯಪ್ಪಾ" ಎಂದಳು ಮುದುಕಿ. "ಇಂಥಾ ಶಿವಭಕ್ತರು ಹಸೀ ತಲಿ ಮುಟ್ಟಬಾರದ್ರಿ. ಮುಂಜಾನೆ ಕಡದದ್ದು ತಂದಿಟ್ಟು, ನನ್ನ ಯಾಪಾರ ಮುಗಿಸಿ, ಇವರವು ಕಡೀಕ ನಿವಾಂತ ಸುಡ್ತೇನಿ. ಒಂದ್ ಕೂದಲಾ ಉಳಸಂಗಿಲ್ಲ. ಸೀಳಿನೂ ತರ್ತೇನಿ."

ಮುಂಜಾನೆಯಿಂದ ಮಧ್ಯಾಹ್ನದವರೆಗೆ ಸಿಂದಗಿಯ ಸೆಕೆಯಲ್ಲಿ, ಆಮೇಲೆ ಕೆಂಡದ ಮೇಲೆ. ಕಂಪೌಂಡರ ನಾವು ಕಲಿಸಿದ್ದನ್ನು ಒಂದಿಷ್ಟೂ ತಪ್ಪದೆ ಮಾಡುತ್ತಿದ್ದ. ಬೆಂದ ಗ್ರಂಥಿಯನ್ನು ಚಿಮಟದಿಂದ ಹಿಡಿದು, ತಣ್ಣಗಿನ ಅಸಿಟೋನಿಗೆ ಹಾಕುತ್ತಿದ್ದ. ಅದಕ್ಕೆ ಬಿದ್ದ ಮೇಲೆ ಹಸಿಯದೂ ಬಿಳಿ, ಬೆಂದದ್ದೂ ಬಿಳಿ, ಎರಡೂ ಗಟ್ಟಿ. ಬಾಗೇವಾಡಿಯಲ್ಲಿ ಶೀಶೆ ಬಿಚ್ಚಿ ನೋಡಿದವರಿಗೆ ಫರಕು ತಿಳಿಯುವ ಹಾಗೇ ಇರಲಿಲ್ಲ.

ನನ್ನ ನೆತ್ತಿಗೆ ಸಿಟ್ಟು ಏರಿತು. "ಅಲ್ಲೋ ಪುಣ್ಯಾತ್ಮಾ, ಬೇಸಿದ ತಲ್ಯಾಗ ಏನ್ ಹುಡಕಾಕತ್ತಿ ನೀ? ತಾಜಾ ತಲಿ ಅಂತ ಬಡಕೊಂಡು ಹೇಳಿರಲಿಲ್ಲೇನು?" ಎಂದು ಎದ್ದು ನಿಂತೆ.

"ತಾಜಾನ ಅದಾವಲ್ರಿ ಸರ... ಇವತ್ತಿನವ..." ಅವನ ನಗೆ ಮಾಸಿತು.

ಹುಡುಗಿ ನನ್ನ ತೋಳು ಹಿಡಿದಳು. "ಬ್ಯಾಡ್ರಿ ಸರ. ಮೊದಲನೇ ದಿನಾ ನಾನೂ ವಾಂತಿ ಮಾಡೇನಿ. ನನಗ ಯಾರೂ ಸುಟ್ಟು ಕೊಡಲಿಲ್ಲ, ಅಷ್ಟ." ಆಮೇಲೆ ಕಂಪೌಂಡರನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಮೊದಲಿಂದನೂ ಹಿಂಗನ ಏನ್ರಿ?"

"ಎರಡನೇ ದಿನದಿಂದ್ರಿ ಬಾಯಾರ."

ಮುಂದಿನದನ್ನು ಹಿರಿಯರನ್ನು ಕೇಳಿ ತಿಳಿಸುತ್ತೇವೆ ಎಂದಷ್ಟೇ ಹೇಳಿ ಹೊರಟೆವು. ಬಸ್ಸಿನಲ್ಲಿ ಆಕೆ ಕಿಟಕಿಯ ಆಚೆ ನೋಡುತ್ತ ಕೂತಳು. ಉಳಿದ ಮೂರು ಊರಿನ ಪುಡಿಯಿಂದ ಮತ್ತೆ ಮಾಡಬಹುದಲ್ಲ ಎಂದು ನಾನು ಸಮಾಧಾನ ಹೇಳಲು ಹೋದೆ. ಆ ಮೂರರದೂ ಆ ಜಾಡಿಯಲ್ಲೇ ಕಲಸಿಹೋಗಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಹೊಸದಾಗಿ ಕೂಡಿಸಲು ವರ್ಷಗಳು ಬೇಕು, ಯೋಜನೆಗೆ ಉಳಿದದ್ದು ಆ ಬೇಸಿಗೆ ಮಾತ್ರ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು ಆಕೆಯ ಕೆಲಸ.

ಸುದ್ದಿ ತಿಳಿದು ಹಿರಿಯರು ಬಾಗೇವಾಡಿಗೆ ಬಂದರು. ಕೆಟ್ಟ ಮನುಷ್ಯರಲ್ಲ. ಎಲ್ಲ ಕೇಳಿ, ಗೆರೆಗಳನ್ನೆಲ್ಲ ನೋಡಿ, ಕನ್ನಡಕ ತೆಗೆದು ಒರೆಸಿದರು.

"ತಮ್ಮಾ, ಬೆಂಕಿಗೆ ಇದು ಸಾಯಂಗಿಲ್ಲ. ಪುಡಿಯಿಂದ ರಸಾ ತಗಿಯೂ ಮುಂದ ನಾವ ಕುದಸ್ತೀವಲ್ಲಾ?"

"ಹುಳಿ ನೀರಾಗ ಕುದಸ್ತೇವಿ ಸರ, ಅದೂ ಎರಡ್ ಮೂರ್ ಮಿನಿಟು. ಇದು ಅರ್ಧಾ ದಿನಾ ತನ್ನ ರಸದಾಗ ತಾನ ಕೊಳತು, ಆಮ್ಯಾಲ ಕೆಂಡದ ಮ್ಯಾಲ ಬೆಂದದ್ದು."

"ಬಲಾ ಕಡಿಮಿ ಆಗೇದ, ಆಗಲಿ. ಕಡಿಮಿ ಅಂತನ ಬರಿ. ಹಗುರ ಕಲ್ಲಾದ್ರೂ ತೂಕಾ ಗೊತ್ತಿದ್ರ ಆತಲ್ಲಾ."

"ಯಾವ ತೂಕಾ ಬರೀಲಿ ಸರ? ಸಣ್ಣ ಪ್ರಮಾಣಕ್ಕ ಒಂದ್ ತೂಕಾ, ದೊಡ್ಡದಕ್ಕ ಇನ್ನೊಂದು. ಜ್ವಾಳಾ ಅಳದ್ರ ಒಂದ್ ಸೇರು, ಗೋದಿ ಅಳದ್ರ ಮುಕ್ಕಾಲ್ ಸೇರು ಅಂದ್ರ ಅದು ಸೇರು ಹೆಂಗಾದೀತು?"

ಇನ್ನೊಮ್ಮೆ ಅವರ ಮುಂದೆಯೇ ಇಲಿ ಕೊಯ್ದು ಡೋಲು ತಿರುಗಿಸಿದೆವು. ದೇವರೇ, ಈ ಒಂದು ಸಲ ಕಂಬಿಯ ಮೇಲೆ ಓಡಿಬಿಡಲಿ ಎಂದು ನಾನು ಬೇಡಿಕೊಂಡೆ. ವಿಜ್ಞಾನಿ ಬೇಡಿಕೊಳ್ಳಬಾರದ್ದನ್ನು ಬೇಡಿಕೊಂಡೆ. ಕಡ್ಡಿ ಅರ್ಧಕ್ಕೇ ನಿಂತಿತು.

ಹಿರಿಯರು ಪುಡಿ ಪಾಸು ಎಂದು ಬರೆದ ಕಾಗದವನ್ನು ಮೇಜಿನ ಮೇಲೆ ಹರಡಿ ತಮ್ಮ ಸಹಿ ಹಾಕಿದರು. "ನಾ ಮಾಡೇನಿ. ಆ ಹುಡುಗಿ ಮುಖಾ ನೋಡಿ ಮಾಡೇನಿ. ಈಗ ನಿಂದು" ಎಂದು ಪೆನ್ನನ್ನು ನನ್ನ ಕೈಗಿತ್ತು, ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು.

ಪೆನ್ನು ಬೆಚ್ಚಗಿತ್ತು. ಹುಡುಗಿ ಒಳಗೆ ನಳಿಗೆ ತೊಳೆಯುತ್ತಿದ್ದಳು. ನಾನು ಯೋಚಿಸಿದ್ದು ಇಷ್ಟೇ. ಈ ಪುಡಿ ಹೋಗುತ್ತದೆ, ಅದರ ಮೇಲೆ ಇಷ್ಟು ಬಲ ಎಂದು ಬರೆದಿರುತ್ತದೆ. ಇದಕ್ಕೆ ಸರಿದೂಗಿತು ಎಂದು ಯಾವುದೋ ಪೇಲವ ಇಂಜೆಕ್ಷನ್ನು ಪಾಸಾಗುತ್ತದೆ. ಯಾವುದೋ ಊರಿನ ದವಾಖಾನೆಯಲ್ಲಿ ಹಡೆದವಳೊಬ್ಬಳಿಗೆ ನರ್ಸು ಅದನ್ನೇ ಚುಚ್ಚುತ್ತಾಳೆ, ರಕ್ತ ನಿಲ್ಲಲಿ ಎಂದು ಕಾಯುತ್ತಾಳೆ. ಆ ಹೆಂಗಸಿನ ಮುಖ ನನಗೆ ಕಾಣುತ್ತಿರಲಿಲ್ಲ. ಈ ಹುಡುಗಿಯ ಮುಖ ಕಾಣುತ್ತಿತ್ತು. ಅದೇ ಕಷ್ಟ.

"ತಂಗಿ" ಎಂದು ಕರೆದೆ. "ನೀ ಏನಂತಿ?"

ಆಕೆ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಳು. ಜಾಡಿಯ ಕಡೆ ನೋಡಿದಳು.

"ನನ್ನ ಕೇಳಬ್ಯಾಡ್ರಿ ಸರ. ನನ್ನ ಕೇಳಿದ್ರ ಹಾಕ್ರಿ ಅಂತೇನಿ. ಅದಕ್ಕ ಸಹಿ ನಿಮ್ಮ ಕೈಯಾಗ ಇಟ್ಟಾರ, ನನ್ನ ಕೈಯಾಗ ಇಟ್ಟಿಲ್ಲ."

ನಾನು ಪೆನ್ನಿನ ಟೊಪ್ಪಿಗೆ ಹಾಕಿದೆ. ಆಕೆ ತಲೆ ಅಲ್ಲಾಡಿಸಿ ಒಳಗೆ ಹೋದಳು. ಮತ್ತೆ ನಳಿಗೆ ತೊಳೆಯುವ ಸಪ್ಪಳ ಕೇಳಿಸಿತು. ಹಿರಿಯರು ಕಟ್ಟೆಯಿಂದ ಎದ್ದು ಬಂದು ನನ್ನ ಮುಖ ನೋಡಿ, ಕಾಗದವನ್ನು ತಾವೇ ಎರಡಾಗಿ ಹರಿದರು.

ಯೋಜನೆ ಮುಂದುವರಿಯುವುದಿಲ್ಲ ಎಂದು ಮೇಲಿನಿಂದ ತಿಳಿಸಿದರು. ಡೋಲು, ನಳಿಗೆ, ಜರಡಿ ಎಲ್ಲ ಪೆಟ್ಟಿಗೆ ಸೇರಿದವು. ಜಾಡಿಯ ಪುಡಿಯನ್ನು ಆಕೆ ತಾನೇ ನೀರಿಗೆ ಕಲಸಿ ಸುಣ್ಣದ ಗುಂಡಿಗೆ ಸುರಿದಳು. ನಾನು ಸುರಿಯುತ್ತೇನೆ ಎಂದರೆ ಕೊಡಲಿಲ್ಲ. ಲಗ್ನ ಯಾವಾಗ ಎಂದು ನಾನು ಕೇಳಲಿಲ್ಲ; ಗೊಳಸಂಗಿಯಿಂದ ಬರುವ ಬಸ್ಸಿನವರೇ ಮಾತಾಡಿಕೊಳ್ಳುತ್ತಿದ್ದರು.

ನಾನು ಊರು ಬಿಡುವ ಮುನ್ನ ಆಕೆ, "ಸಿಂದಗಿಗೆ ಹೋಗಿ ಬರೋಣ್ರಿ ಸರ, ಇನ್ನ ತಲಿ ಬ್ಯಾಡಂತ ಹೇಳಬೇಕು" ಎಂದಳು.

"ಒಂದ್ ಕಾರ್ಡ್ ಹಾಕಿದ್ರ ಆಗ್ತದಲ್ಲಾ?"

"ಕಂಪೌಂಡರಗ ಓದಾಕ ಬರ್ತದ್ರಿ. ಆ ಆಯಿಗೆ ಬರಂಗಿಲ್ಲ."

ಮುದುಕಿಯ ಗುಡಿಸಲು ಊರ ಅಂಚಿನಲ್ಲಿತ್ತು. ಅಂಗಳದಲ್ಲಿ ಕೆಂಡ ಆರುತ್ತಿತ್ತು. ಆ ದಿನದ ತಲೆಗಳು ಆಗಲೇ ಅರಿಶಿಣ ಹಚ್ಚಿಕೊಂಡು ಗಂಗಾಳದಲ್ಲಿ ಕೂತಿದ್ದವು. ಹುಡುಗಿ ಕುಕ್ಕರಗಾಲಲ್ಲಿ ಕೂತು, ನಾಳೆಯಿಂದ ತರಬೇಡ, ಕೆಲಸ ನಿಂತಿತು ಎಂದು ಹೇಳಿದಳು.

ಮುದುಕಿ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. "ನಾ ತೊಳದದ್ದು ಸ್ವಚ್ಛ ಆಗಲಿಲ್ಲೇನ್ರಿ ಬಾಯಾರ?"

"ಆಗಿತ್ತವ್ವಾ."

"ಈ ಗಂಗಾಳಾನೂ ನಿಮ್ಮ ಸಲವಾಗಿನ ಬ್ಯಾರೆ ತಂದಿಟ್ಟೇನ್ರಿ. ನಾವು ಉಂಡದ್ದು ಇದಕ್ಕ ಮುಟ್ಟಿಸಿಲ್ಲ. ದಿನಾ ಬೂದಿ ಹಚ್ಚಿ ತಿಕ್ತೇನಿ. ಮತ್ತ ಯಾಕ ಬ್ಯಾಡಾತ್ರಿ?"

ಅಸಿಟೋನು, ಆಮ್ಲ, ಓರೆಯಾದ ಗೆರೆ, ಇದನ್ನೆಲ್ಲ ಯಾವ ಬಾಯಿಂದ ಹೇಳುವುದು? ಹುಡುಗಿ ಗಂಗಾಳವನ್ನು ಎತ್ತಿಕೊಂಡಳು. ತಲೆಗಳನ್ನು ಬುಟ್ಟಿಗೆ ಇಳಿಸಿದಳು. ಬಾನಿಯ ನೀರಲ್ಲಿ ಗಂಗಾಳ ತೊಳೆದು ಮುದುಕಿಯ ಮುಂದೆ ಹಿಡಿದಳು.

"ಹಸದೇನಿ ಅವ್ವಾ. ಇದರಾಗ ಒಂದ್ ರೊಟ್ಟಿ ಹಾಕು."

"ಅಯ್ಯ ನನ್ನವ್ವಾ, ಅದರಾಗ ಬ್ಯಾಡ! ನೀವು ಉಣ್ಣೂವಂಥಾದ್ದಲ್ಲ ಅದು!"

"ಸ್ವಚ್ಛ ಐತಿ ಅಂದೆನಲ್ಲಾ. ಹಾಕು."

ಮುದುಕಿ ಒಂದು ಬಿಳಿಜೋಳದ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಹಾಕಿದಳು. ಹುಡುಗಿ ಅಂಗಳದ ಮೂಲೆಗೆ ಹೋಗಿ, ಮನೆಯ ರೂಢಿಯಂತೆ ಗೋಡೆಗೆ ಮುಖ ಮಾಡಿ ಕೂತು ಉಂಡಳು. ಆಕೆಯ ಬೆನ್ನು ಅಲುಗುತ್ತಿತ್ತು. ನನಗೂ ದುಃಖ ಒತ್ತರಿಸಿ ಬಂತು, ಮುಚ್ಚಿಡಲು ಹೋಗಲಿಲ್ಲ. ಉಂಡಾದ ಮೇಲೆ ಎದ್ದು, ಗಂಗಾಳಕ್ಕೆ ಬೂದಿ ಹಚ್ಚಿ ತಿಕ್ಕಿ ತೊಳೆದು, ಗೋಡೆಗೆ ಬೋರಲು ಹಾಕಿದಳು. ಬಸ್ಸಿಗೆ ಹೊತ್ತಾಗಿತ್ತು.